ಆರು ಪೆನ್ನಿಯ ಹಾಡು, ಒಂದು ಷಿಲ್ಲಿಂಗಿನ ಹಾಡು

ಮಕ್ಕಳ ಹಾಡಿಗೆ ಬೆಲೆ ಕಟ್ಟಲು ಸಾಧ್ಯವೇ? ಇಂಗ್ಲೆಂಡಿನ ಶಿಕ್ಷಣ ಇಲಾಖೆ 1882ರಲ್ಲಿ ಅದನ್ನೂ ಮಾಡಿತು. ಆ ವರ್ಷದ ಶಿಕ್ಷಣ ಸಂಹಿತೆಯಂತೆ, ಸರಕಾರದ ಅನುದಾನ ಪಡೆಯುವ ಪ್ರಾಥಮಿಕ ಶಾಲೆಯ ಮಕ್ಕಳು ಅಧ್ಯಾಪಕರು ಹಾಡಿದ್ದನ್ನು ಕೇಳಿ, ಬಾಯಿಪಾಠ ಮಾಡಿ ಹಾಡಿದರೆ ಶಾಲೆಗೆ ತಲೆಯೊಂದಕ್ಕೆ ಆರು ಪೆನ್ನಿ. ಅದೇ ಮಕ್ಕಳು ಬರೆದಿಟ್ಟ ಸ್ವರಗಳನ್ನು ತಾವೇ ಓದಿಕೊಂಡು ಹಾಡಿದರೆ ಒಂದು ಷಿಲ್ಲಿಂಗ್. ಹನ್ನೆರಡು ಪೆನ್ನಿಗೆ ಒಂದು ಷಿಲ್ಲಿಂಗ್ ಆಗಿದ್ದ ಕಾಲವದು. ಅಂದರೆ ಕೇಳಿ ಕಲಿತ ಹಾಡಿನ ಬೆಲೆ, ಓದಿ ಕಲಿತ ಹಾಡಿನ ಬೆಲೆಯ ಸರಿಯಾಗಿ ಅರ್ಧ.

ಈಗ ಇದನ್ನು ಕೇಳಿದರೆ ನಗು ಬರಬಹುದು. ಆದರೆ ಈ ಆರು ಪೆನ್ನಿಯ ವ್ಯತ್ಯಾಸದ ಹಿಂದೆ ನಲವತ್ತು ವರ್ಷಗಳ ಒಂದು ದೊಡ್ಡ ವಾದವಿತ್ತು. ಅದು ಸಂಗೀತಗಾರರ ನಡುವಿನ ವಾದವಾಗಿರಲಿಲ್ಲ. ಗಿರಣಿ ಕಾರ್ಮಿಕರ, ಕೂಲಿಗಳ, ಮನೆಗೆಲಸದವರ ಮಕ್ಕಳು ಕಲಿಯುತ್ತಿದ್ದ ಸಾಮಾನ್ಯ ಶಾಲೆಗಳ ತರಗತಿಗಳೊಳಗೆ ನಡೆದ ವಾದವದು. ಬಡವರ ಮಗುವಿಗೆ ಹಾಡನ್ನು ಕೊಟ್ಟರೆ ಸಾಕೇ, ಅಥವಾ ಹಾಡಿನ ಬೀಗದ ಕೈಯನ್ನೂ ಕೊಡಬೇಕೇ ಎಂಬುದು ಅದರ ತಿರುಳು. ಒಂದು ಶತಮಾನದ ಬಳಿಕ ಹಂಗೇರಿ ಮತ್ತು ಜರ್ಮನಿಯಲ್ಲಿ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಮರಳಿ ಬಂತು. ನಮ್ಮ ದೇಶದ ಬರೋಡಾದಲ್ಲೂ ಅದು ಕೇಳಿಬಂದಿತ್ತು. ಈ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಸಂಗೀತ ಬಲ್ಲವರಿಗಷ್ಟೇ ಅಲ್ಲ, ಮಕ್ಕಳನ್ನು ಶಾಲೆಗೆ ಕಳುಹಿಸುವ ನಮ್ಮೆಲ್ಲರಿಗೂ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಮರಳ ಮೇಲಿನ ಅಕ್ಷರದಿಂದ ಆರಂಭ

ಈ ಕಥೆಯ ಒಂದು ಎಳೆ ದಕ್ಷಿಣ ಭಾರತದಿಂದಲೇ ಹೊರಡುತ್ತದೆ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ ಪಾದ್ರಿ 1789ರಿಂದ ಮದರಾಸಿನಲ್ಲಿ ಸೈನಿಕರ ಅನಾಥ ಗಂಡು ಮಕ್ಕಳ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿನ ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಅವರು ಕಂಡರು. ನಮ್ಮ ಅಜ್ಜಂದಿರು ಕೂಲಿಮಠಗಳಲ್ಲಿ ಅಕ್ಷರ ಕಲಿತದ್ದೂ ಹೀಗೆಯೇ. ಬೆಲ್ ಇದನ್ನು ತಮ್ಮ ಶಾಲೆಗೆ ತಂದರು. ಕಲಿತ ಮಗು ಕಲಿಯದ ಮಗುವಿಗೆ ಕಲಿಸುವ ಕ್ರಮವನ್ನು ಇದರೊಂದಿಗೆ ಜೋಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ‘ಮದರಾಸು ಪದ್ಧತಿ’ ಎಂದೇ ಅದು ಹೆಸರಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಎಂಬವರು ಇದೇ ಬಗೆಯ ಶಾಲೆಯನ್ನು ಲಂಡನ್ನಿನಲ್ಲಿ ಬೆಳೆಸಿದರು. ಒಬ್ಬನೇ ಅಧ್ಯಾಪಕ ನೂರಾರು ಮಕ್ಕಳನ್ನು ನಿಭಾಯಿಸಬಹುದಾದ್ದರಿಂದ ಬಡವರ ಶಾಲೆಗಳಿಗೆ ಇದು ಅಗ್ಗದ ದಾರಿಯಾಯಿತು.

ಈ ಪದ್ಧತಿ ಫ್ರಾನ್ಸಿಗೂ ಹೋಯಿತು. ಪ್ಯಾರಿಸ್ಸಿನ ಇಂತಹ ಶಾಲೆಗಳಲ್ಲಿ 1819ರ ಹೊತ್ತಿಗೆ ವಿಲೆಮ್ ಎಂಬ ಸಂಗೀತಗಾರರು ಹಾಡನ್ನೂ ಇದೇ ಕ್ರಮದಲ್ಲಿ ಕಲಿಸತೊಡಗಿದರು. ಪಾಠಗಳನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ದೊಡ್ಡ ಫಲಕಗಳ ಮೇಲೆ ಬರೆದು, ಗುಂಪು ಗುಂಪಾಗಿ ಕಲಿಸುವುದು ಅವರ ವಿಧಾನ. ಆ ಕಾಲಕ್ಕೆ ಇದೊಂದು ಹೊಸ ಕಲ್ಪನೆ. ಸಂಗೀತವೆಂದರೆ ಒಬ್ಬ ಗುರು, ಒಬ್ಬ ಶಿಷ್ಯ ಎಂದಿದ್ದುದು ಹೋಗಿ, ಒಂದು ಕೋಣೆಯ ತುಂಬಾ ಮಕ್ಕಳು ಎಂದಾಯಿತು.

ಇಂಗ್ಲೆಂಡಿನಲ್ಲಿ 1839ರಲ್ಲಿ ಸರಕಾರದ ಶಿಕ್ಷಣ ಸಮಿತಿ ರಚನೆಯಾದಾಗ ಅದರ ಕಾರ್ಯದರ್ಶಿಯಾದವರು ಜೇಮ್ಸ್ ಕೇ. ಮುಂದೆ ಕೇ-ಶಟಲ್‌ವರ್ತ್ ಎಂದು ಪ್ರಸಿದ್ಧರಾದ ಇವರು ಮೂಲತಃ ವೈದ್ಯರು. ಮ್ಯಾಂಚೆಸ್ಟರಿನ ಹತ್ತಿ ಗಿರಣಿಗಳ ಕೊಳೆಗೇರಿಗಳನ್ನು ಕಣ್ಣಾರೆ ಕಂಡವರು. ಹಾಡು ಕಲಿತ ಕಾರ್ಮಿಕ ಹೆಂಡದಂಗಡಿಗೆ ಹೋಗುವುದು ಕಡಿಮೆಯಾದೀತು, ನಿಯತ್ತಿನ ಪ್ರಜೆಯಾದಾನು ಎಂಬುದು ಅವರ ನಂಬಿಕೆ. ಅವರು ಬ್ಯಾಟರ್ಸಿಯಲ್ಲಿ ಅಧ್ಯಾಪಕರ ತರಬೇತಿ ಶಾಲೆ ತೆರೆದಾಗ 1840ರಲ್ಲಿ ಅಲ್ಲಿ ಹಾಡು ಕಲಿಸಲು ಜಾನ್ ಹುಲ್ಲಾ ಎಂಬ ಯುವ ಸಂಗೀತಗಾರರನ್ನು ನೇಮಿಸಿದರು. ಹುಲ್ಲಾ ಪ್ಯಾರಿಸ್ಸಿಗೆ ಹೋಗಿ ವಿಲೆಮರ ತರಗತಿಗಳನ್ನು ನೋಡಿ ಬಂದಿದ್ದರು. ಮರು ವರ್ಷವೇ ಲಂಡನ್ನಿನ ಎಕ್ಸೆಟರ್ ಸಭಾಂಗಣದಲ್ಲಿ ಶಾಲಾ ಅಧ್ಯಾಪಕರಿಗಾಗಿ ಅವರ ಸಂಜೆ ತರಗತಿಗಳು ಆರಂಭವಾದವು. ಸಾವಿರಾರು ಮಂದಿ ಮುಗಿಬಿದ್ದರು. ಸರಕಾರದ ಬೆಂಬಲವಿದ್ದ ಈ ಪದ್ಧತಿ ಶಾಲೆಯಿಂದ ಶಾಲೆಗೆ ಹಬ್ಬಿತು.

ಕದಲದ ಷಡ್ಜ

ಹುಲ್ಲಾ ಪದ್ಧತಿಯಲ್ಲಿ ಒಂದು ಮೂಲಭೂತ ತೊಡಕಿತ್ತು. ಅದನ್ನು ಅರ್ಥ ಮಾಡಿಕೊಳ್ಳುವುದು ಇಂಗ್ಲಿಷರಿಗಿಂತ ನಮಗೇ ಸುಲಭ.

ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಸ್ಥಿರವಾದ ಜಾಗವಿಲ್ಲ. ಹಾಡುವವರ ಕಂಠಕ್ಕೆ ಎಲ್ಲಿ ಹಿತವೋ ಅಲ್ಲಿ ‘ಸ’ ಕೂರುತ್ತದೆ. ಯಕ್ಷಗಾನದ ಭಾಗವತರೊಬ್ಬರು ‘ಬಿಳಿ ನಾಲ್ಕು’ ಎಂದರೆ ಹಾರ್ಮೋನಿಯಂನ ಆ ಮನೆಯೇ ‘ಸ’. ಇನ್ನೊಬ್ಬರು ‘ಕಪ್ಪು ಎರಡು’ ಎಂದರೆ ‘ಸ’ ಅಲ್ಲಿಗೆ ಹೋಗುತ್ತದೆ. ಉಳಿದ ಸ್ವರಗಳೆಲ್ಲ ಅದರ ಹಿಂದೆ ಮೆರವಣಿಗೆಯಂತೆ ಸಾಗುತ್ತವೆ. ‘ಸ’ದಿಂದ ‘ಪ’ಕ್ಕೆ ಎಷ್ಟು ದೂರ ಎಂಬುದು ಕಿವಿಗೆ ಒಮ್ಮೆ ಗೊತ್ತಾದರೆ ಸಾಕು, ಯಾವ ಶ್ರುತಿಯಲ್ಲೂ ಅದು ಬದಲಾಗದು.

ಪಾಶ್ಚಾತ್ಯರ ‘ಡೋ ರೇ ಮಿ’ಯನ್ನು ಹುಲ್ಲಾ ಹೀಗೆ ಬಳಸಲಿಲ್ಲ. ಫ್ರೆಂಚ್ ರೂಢಿಯಂತೆ ಅವರ ‘ಡೋ’ ಎಂದೆಂದಿಗೂ ಹಾರ್ಮೋನಿಯಂನ ಬಿಳಿ ಒಂದೇ. ಹಾಡು ಅಲ್ಲಿಂದಲೇ ಶುರುವಾಗುವಷ್ಟು ಕಾಲ ಯಾವ ಕಷ್ಟವೂ ಇಲ್ಲ. ಮೊದಲ ಪಾಠಗಳು ಸಲೀಸಾಗಿ ಸಾಗುತ್ತಿದ್ದವು. ಆದರೆ ಅದೇ ಹಾಡನ್ನು ಬಿಳಿ ಎರಡಕ್ಕೆ ಏರಿಸಿದೊಡನೆ, ಮಕ್ಕಳು ನಿನ್ನೆ ‘ಡೋ ರೇ ಮಿ’ ಎಂದು ಹಾಡಿದ್ದನ್ನು ಇಂದು ‘ರೇ ಮಿ ಫಾ’ ಎನ್ನಬೇಕು. ಅದರಲ್ಲೂ ಆ ‘ಫಾ’ ಮೊದಲಿನ ‘ಫಾ’ ಅಲ್ಲ, ಅರ್ಧ ಸ್ವರ ಮೇಲಿನದು. ಹೆಸರು ಒಂದೇ, ಸ್ವರ ಎರಡು! ಚಿಕ್ಕಂದಿನಿಂದ ಪಿಯಾನೋ ಮುಂದೆ ಕುಳಿತ ಸ್ಥಿತಿವಂತರ ಮಕ್ಕಳಿಗೆ ಇದು ಕಷ್ಟವಲ್ಲ. ವಾರಕ್ಕೆ ಒಂದೆರಡು ಗಂಟೆ ಮಾತ್ರ ಹಾಡುವ, ಮನೆಯಲ್ಲಿ ಯಾವ ವಾದ್ಯವೂ ಇಲ್ಲದ ಮಕ್ಕಳಿಗೆ ಇದು ದಾಟಲಾಗದ ಹಳ್ಳವಾಯಿತು. ಬಹಳ ಮಂದಿ ಅಧ್ಯಾಪಕರು ಅಲ್ಲಿಗೇ ಕೈಬಿಟ್ಟು, ತಾವು ಹಾಡಿ ತೋರಿಸಿ ಮಕ್ಕಳಿಂದ ಹಾಡಿಸುವ ಹಳೆಯ ದಾರಿಗೆ ಮರಳಿದರು. ಹಾಡು ಉಳಿಯಿತು, ಓದು ಉಳಿಯಲಿಲ್ಲ.

ನಾರ್ವಿಚ್‌ನ ಏಣಿ

ಇದಕ್ಕೆ ಪರಿಹಾರ ಅದಾಗಲೇ ಸಿದ್ಧವಾಗಿತ್ತು, ಆದರೆ ಲಂಡನ್ನಿನಲ್ಲಲ್ಲ. ನಾರ್ವಿಚ್ ಪಟ್ಟಣದ ಪಾದ್ರಿಯೊಬ್ಬರ ಮಗಳು ಸಾರಾ ಗ್ಲೋವರ್ ತಮ್ಮ ಸಹೋದರಿಯ ಜತೆಗೂಡಿ ಅಲ್ಲಿನ ಬಡ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಐದು ಗೆರೆಗಳ ಸ್ವರಲಿಪಿಯನ್ನು ಬದಿಗಿಟ್ಟು, ಸ್ವರಗಳ ಮೊದಲ ಅಕ್ಷರವನ್ನಷ್ಟೇ ಬರೆಯುವ ಕ್ರಮವನ್ನು ಅವರು ರೂಪಿಸಿದ್ದರು. ‘ಸೋಲ್’ ಮತ್ತು ‘ಸಿ’ ಎರಡಕ್ಕೂ ಮೊದಲ ಅಕ್ಷರ ಒಂದೇ ಆಗುವುದರಿಂದ ‘ಸಿ’ಯನ್ನು ‘ಟೀ’ ಎಂದು ಬದಲಾಯಿಸಿದರು. ಸ್ವರಗಳನ್ನು ಮೇಲಿಂದ ಕೆಳಕ್ಕೆ ಏಣಿಯ ಮೆಟ್ಟಿಲುಗಳಂತೆ ಬರೆದು ಗೋಡೆಗೆ ತೂಗುಹಾಕಿ, ಕೋಲಿನಿಂದ ತೋರಿಸುತ್ತಾ ಹಾಡಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಅವರ ‘ಡೋ’ ನಮ್ಮ ‘ಸ’ದಂತೆ ಚಲಿಸುತ್ತಿತ್ತು. 1835ರಲ್ಲಿ ಈ ಬಗ್ಗೆ ಅವರು ಪುಸ್ತಕವನ್ನೂ ಹೊರತಂದರು.

ಜಾನ್ ಕರ್ವೆನ್ ಎಂಬ ಯುವ ಪಾದ್ರಿಗೆ ಈ ಪುಸ್ತಕ ಸಿಕ್ಕಿದ್ದು 1841ರ ಸುಮಾರಿಗೆ. ಭಾನುವಾರದ ಶಾಲೆಗಳಿಗೆ ಸರಳವಾದ ಹಾಡಿನ ಪದ್ಧತಿಯೊಂದನ್ನು ಹುಡುಕುವ ಹೊಣೆಯನ್ನು ಅಧ್ಯಾಪಕರ ಸಭೆಯೊಂದು ಅವರಿಗೆ ಒಪ್ಪಿಸಿತ್ತು. ಸ್ವಾರಸ್ಯವೆಂದರೆ ಕರ್ವೆನರಿಗೇ ಸಂಗೀತ ಓದಲು ಬರುತ್ತಿರಲಿಲ್ಲ. ಗ್ಲೋವರ್ ಪುಸ್ತಕದಿಂದ ಅವರು ಮೊದಲು ತಾವು ಕಲಿತರು, ನಂತರ ಇತರರಿಗೆ ಕಲಿಸಹೊರಟರು. ತಮಗೆ ಸರಿಕಂಡಂತೆ ಅದನ್ನು ಮಾರ್ಪಡಿಸಿಯೂ ಬಿಟ್ಟರು, ಅದೂ ಗ್ಲೋವರ್ ಅವರ ಅನುಮತಿ ಕೇಳದೆ. ಆಕೆಗೆ ಇದು ರುಚಿಸಲಿಲ್ಲ. ಕರ್ವೆನ್ ಮುಂದೆ ಆಕೆಯ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರೂ ಜಗತ್ತು ಈ ಪದ್ಧತಿಯನ್ನು ಕರ್ವೆನರ ಹೆಸರಿನಿಂದಲೇ ಗುರುತಿಸಿತು. ಮಕ್ಕಳ ನಡುವೆ ಕುಳಿತು ಕಲಿಸಿದ ಹೆಣ್ಣಿನ ಹೆಸರು ಹಿಂದೆ ಸರಿದು, ಸಂಘಟನೆ ಕಟ್ಟಿದ ಗಂಡಿನ ಹೆಸರು ಮುಂದೆ ಬರುವುದನ್ನು ಈ ಚರಿತ್ರೆಯಲ್ಲಿ ನಾವು ಮತ್ತೊಮ್ಮೆ ಕಾಣಲಿದ್ದೇವೆ.

ಕರ್ವೆನರ ಸೇರ್ಪಡೆಗಳೂ ಸಣ್ಣವಲ್ಲ. ಪ್ರತಿ ಸ್ವರಕ್ಕೂ ಒಂದು ಸ್ವಭಾವವಿದೆ ಎಂದು ಅವರು ಮಕ್ಕಳಿಗೆ ಹೇಳಿಕೊಟ್ಟರು: ‘ಡೋ’ ಗಟ್ಟಿ, ‘ಮಿ’ ಶಾಂತ, ‘ಲಾ’ ದುಃಖದ್ದು, ‘ಟೀ’ ಚುಚ್ಚುವಂಥದ್ದು. 1870ರ ಹೊತ್ತಿಗೆ ಪ್ರತಿ ಸ್ವರಕ್ಕೂ ಒಂದು ಕೈಸನ್ನೆ ಕೊಟ್ಟರು. ಮುಚ್ಚಿದ ಮುಷ್ಟಿ ‘ಡೋ’, ನೆಲಕ್ಕೆ ಸಮನಾಗಿ ಚಾಚಿದ ಅಂಗೈ ‘ಮಿ’. ಪುಸ್ತಕ, ವಾದ್ಯ ಯಾವುದೂ ಇಲ್ಲದ ಅಧ್ಯಾಪಕ ತನ್ನ ಬರಿಗೈಯಿಂದಲೇ ಇಡೀ ತರಗತಿಯನ್ನು ಹಾಡಿಸಬಹುದಿತ್ತು. ಇನ್ನೊಂದು ಲಾಭ ಹಣದ್ದು. ಐದು ಗೆರೆಗಳ ಸ್ವರಲಿಪಿಗೆ ವಿಶೇಷ ಅಚ್ಚುಗಳು ಬೇಕು. ಕರ್ವೆನರ ಲಿಪಿಗೆ ಬೇಕಾದುದು ಮಾಮೂಲಿ ಅಕ್ಷರಗಳು, ಚುಕ್ಕಿ ಮತ್ತು ಅಲ್ಪವಿರಾಮ. ಯಾವ ಸಣ್ಣ ಮುದ್ರಣಾಲಯವೂ ಹಾಡಿನ ಪುಸ್ತಕ ಅಚ್ಚು ಹಾಕಬಹುದಾಯಿತು. ಕೂಲಿಯವನ ಮಗುವಿನ ಕೈಗೂ ಎಟಕುವ ಬೆಲೆಗೆ ಸಂಗೀತ ಬಂತು. ಈ ಪದ್ಧತಿಯೇ ‘ಟಾನಿಕ್ ಸಾಲ್ಫಾ’.

ಬೆಲೆ ಕಟ್ಟಿದವರು

ಈ ನಡುವೆ ಸರಕಾರದ ನೀತಿ ಬದಲಾಗಿತ್ತು. 1862ರ ಪರಿಷ್ಕೃತ ಸಂಹಿತೆ ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ಕಟ್ಟಳೆ ತಂದಿತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷಿಸುವುದು, ಪಾಸಾದ ಮಕ್ಕಳ ಎಣಿಕೆಯ ಮೇಲೆ ಶಾಲೆಗೆ ಅನುದಾನ ಸಿಗುವುದು. ಹಾಡಿಗೆ ಅಂಕವಿಲ್ಲ, ಆದುದರಿಂದ ಹಣವೂ ಇಲ್ಲ. ಬಹಳಷ್ಟು ಶಾಲೆಗಳಲ್ಲಿ ಹಾಡು ತಾನಾಗಿ ನಿಂತಿತು. ಪರೀಕ್ಷೆಯಲ್ಲಿ ಕೇಳದ್ದನ್ನು ಕಲಿಸುವುದೇಕೆ ಎಂಬ ಪ್ರಶ್ನೆ ನಮ್ಮ ಕಾಲದ್ದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು.

ಹತ್ತು ವರ್ಷಗಳ ಬಳಿಕ ಇಲಾಖೆಗೆ ತಪ್ಪಿನ ಅರಿವಾಯಿತು. ಹಾಡು ಕಲಿಸದ ಶಾಲೆಯ ಅನುದಾನದಲ್ಲಿ ತಲೆಗೆ ಒಂದು ಷಿಲ್ಲಿಂಗ್ ಕಡಿತ ಮಾಡುವ ನಿಯಮ ಬಂತು. ಆದರೆ ಯಾವ ಬಗೆಯ ಹಾಡು ಎಂದು ಅದು ಕೇಳಲಿಲ್ಲ. ಹೀಗಾಗಿ ಸುಲಭದ ದಾರಿಯಾದ ಬಾಯಿಪಾಠವೇ ಎಲ್ಲೆಡೆ ಮೆರೆಯಿತು. 1872ರಲ್ಲಿ ಅಧ್ಯಾಪಕ ತರಬೇತಿ ಶಾಲೆಗಳ ಸಂಗೀತ ತನಿಖಾಧಿಕಾರಿಯಾಗಿ ನೇಮಕಗೊಂಡವರು ಬೇರಾರೂ ಅಲ್ಲ, ಜಾನ್ ಹುಲ್ಲಾ. ಅಧಿಕಾರ ಅವರ ಕೈಯಲ್ಲಿತ್ತು, ಆದರೆ ಶಾಲೆಗಳಲ್ಲಿ ಅವರ ಪದ್ಧತಿ ಸೋಲುತ್ತಿತ್ತು. ಎದುರಾಳಿಗಳಾದ ಹುಲ್ಲಾ ಮತ್ತು ಕರ್ವೆನ್ ಒಂದು ವಿಷಯದಲ್ಲಿ ಮಾತ್ರ ಒಂದೇ ಅಭಿಪ್ರಾಯದವರು: ಗಿಳಿಪಾಠದ ಹಾಡು ಸಾಲದು. ಆ ಕೂಗಿನ ಫಲವೇ 1882ರ ಆರು ಪೆನ್ನಿ ಮತ್ತು ಒಂದು ಷಿಲ್ಲಿಂಗ್.

ಅಲ್ಲಿಂದ ಮುಂದೆ ಸ್ಪರ್ಧೆ ಬೇಗನೆ ಇತ್ಯರ್ಥವಾಯಿತು. ಷಿಲ್ಲಿಂಗ್ ಬೇಕಾದ ಶಾಲೆಗಳು ಕಲಿಸಲು ಸುಲಭವಾದ ಪದ್ಧತಿಯನ್ನು ಹಿಡಿದವು. 1891ರ ಹೊತ್ತಿಗೆ ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು 25 ಲಕ್ಷ ಮಕ್ಕಳು ಟಾನಿಕ್ ಸಾಲ್ಫಾ ಕಲಿಯುತ್ತಿದ್ದರು. ಅದನ್ನು ನೋಡಲು ಕರ್ವೆನ್ ಇರಲಿಲ್ಲ, ಅವರು 1880ರಲ್ಲೇ ತೀರಿಕೊಂಡಿದ್ದರು. ಹುಲ್ಲಾ 1884ರಲ್ಲಿ ನಿಧನರಾದರು.

ಗೆಲುವಿಗೂ ಒಂದು ಬೆಲೆಯಿತ್ತು ಎಂಬುದನ್ನು ಮರೆಯಬಾರದು. ಇನ್‌ಸ್ಪೆಕ್ಟರ್ ಮುಂದೆ ಒಪ್ಪಿಸಲೆಂದೇ ಸ್ವರಾಭ್ಯಾಸ ನಡೆಯತೊಡಗಿದಾಗ ಅದು ಲೆಕ್ಕದ ಮಗ್ಗಿಯಂತಾಗುವ ಅಪಾಯವಿತ್ತು. ಟಾನಿಕ್ ಸಾಲ್ಫಾ ಮಾತ್ರ ಕಲಿತವರು ಐದು ಗೆರೆಗಳ ಸ್ವರಲಿಪಿಯ ಮುಂದೆ ನಿರಕ್ಷರಿಗಳಾಗಿಯೇ ಉಳಿಯುತ್ತಿದ್ದರು. ಸಂಗೀತ ಪಂಡಿತರು ಇದನ್ನು ಬಡವರ ಲಿಪಿಯೆಂದು ಕೀಳಾಗಿ ಕಂಡದ್ದೂ ಉಂಟು. ಆದರೆ ಆ ‘ಬಡವರ ಲಿಪಿ’ ಪಂಡಿತರ ಲಿಪಿ ಹೋಗದ ಕಡೆಗೂ ಹೋಯಿತು. ಕ್ರೈಸ್ತ ಮಿಷನರಿಗಳ ಶಾಲೆಗಳ ಮೂಲಕ ಅದು ಮಡಗಾಸ್ಕರ್, ದಕ್ಷಿಣ ಆಫ್ರಿಕಾಗಳನ್ನು ತಲುಪಿತು. ಜೋಹಾನ್ಸ್‌ಬರ್ಗ್ ಬಳಿಯ ಮಿಷನ್ ಶಾಲೆಯೊಂದರ ಅಧ್ಯಾಪಕ ಎನಾಕ್ ಸೊಂಟೊಂಗಾ 1897ರಲ್ಲಿ ತನ್ನ ಶಾಲೆಯ ಮಕ್ಕಳಿಗಾಗಿ ‘ಎನ್‌ಕೋಸಿ ಸಿಕೆಲೆಲ್ ಆಫ್ರಿಕಾ’ ಗೀತೆಗೆ ರಾಗ ಕಟ್ಟಿದ. ಆತ ಹಾಡುಗಳನ್ನು ಬರೆದಿಡುತ್ತಿದ್ದುದು ಟಾನಿಕ್ ಸಾಲ್ಫಾದಲ್ಲೇ. ಅದು ಕಪ್ಪು ಜನರ ಹೋರಾಟದ ಗೀತೆಯಾಗಿ, ಕೊನೆಗೆ ಸ್ವತಂತ್ರ ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆಯ ಭಾಗವಾಯಿತು. ವಿಧೇಯ ಪ್ರಜೆಗಳನ್ನು ತಯಾರಿಸಲೆಂದು ಶಾಲೆಗೆ ತಂದ ಹಾಡು ಬಿಡುಗಡೆಯ ಹಾಡಾದದ್ದು ಹೀಗೆ. ಓದು ಕಲಿಸಿದವರಿಗೆ, ಕಲಿತವನು ಏನನ್ನು ಬರೆದಾನು ಎಂದು ನಿಯಂತ್ರಿಸಲು ಆಗದು.

ಬರೋಡಾದ ಗಾಯನಶಾಲೆ

ಇದೇ ಕಾಲದಲ್ಲಿ ಭಾರತದಲ್ಲಿ ಸಂಗೀತ ಕಲಿಕೆಯೆಂದರೆ ಉಸ್ತಾದರ ಅಥವಾ ಗುರುಗಳ ಮನೆ. ಗಂಡಾ ಕಟ್ಟಿಸಿಕೊಂಡ ಶಿಷ್ಯ ವರ್ಷಗಟ್ಟಲೆ ಸೇವೆ ಮಾಡಬೇಕು, ವಿದ್ಯೆ ‘ಸೀನಾ ಬ ಸೀನಾ’, ಎದೆಯಿಂದ ಎದೆಗೆ ಇಳಿಯಬೇಕು. ಈ ಕ್ರಮ ಮಹಾನ್ ಕಲಾವಿದರನ್ನು ಕೊಟ್ಟಿದೆ. ಆದರೆ ಅದು ಕೆಲವರಿಗೆ ಮಾತ್ರ ತೆರೆದ ಬಾಗಿಲು. ಸಾಮಾನ್ಯರ ಮಕ್ಕಳು ತರಗತಿಯಲ್ಲಿ ಕುಳಿತು ಸಂಗೀತ ಕಲಿಯಬಹುದೆಂಬ ಕಲ್ಪನೆಯನ್ನು ಮೊದಲಿಗೆ ಕಾರ್ಯರೂಪಕ್ಕೆ ತಂದವರಲ್ಲಿ ಒಬ್ಬರು ಉಸ್ತಾದ್ ಮೌಲಾ ಬಕ್ಷ್.

1833ರಲ್ಲಿ ಹುಟ್ಟಿದ ಮೌಲಾ ಬಕ್ಷ್ ಅವರಿಗೂ ನಮ್ಮ ನಾಡಿಗೂ ನಂಟಿದೆ. ಉತ್ತರದ ಸಂಗೀತ ಬಲ್ಲ ಅವರು ಮೈಸೂರಿಗೆ ಬಂದು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗೌರವ ಪಡೆದರು. ಸರಳೆ, ಜಂಟಿ, ಅಲಂಕಾರಗಳೆಂದು ಹಂತ ಹಂತವಾಗಿ ಏರುವ ಇಲ್ಲಿನ ಪಾಠಕ್ರಮ ಅವರ ಗಮನಕ್ಕೆ ಬಂದಿರದೇ ಇರಲು ಸಾಧ್ಯವಿಲ್ಲ ಎಂದು ನಮಗನಿಸುತ್ತದೆ. 1886ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಅವರು ಗಾಯನಶಾಲೆ ಆರಂಭಿಸಿದರು. ತಮ್ಮದೇ ಸ್ವರಲಿಪಿ ರೂಪಿಸಿ, ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿದರು. 1896ರಲ್ಲಿ ಅವರು ತೀರಿಕೊಂಡರೂ ಶಾಲೆ ಉಳಿಯಿತು, ಕಾಲಾನಂತರ ಬರೋಡಾ ವಿಶ್ವವಿದ್ಯಾನಿಲಯದ ಭಾಗವಾಯಿತು. ಸೂಫಿ ಚಿಂತನೆಯನ್ನು ಪಶ್ಚಿಮಕ್ಕೆ ಕೊಂಡೊಯ್ದ ಇನಾಯತ್ ಖಾನ್ ಇವರ ಮೊಮ್ಮಗ.

ವಿಷ್ಣು ದಿಗಂಬರ ಪಲುಸ್ಕರ್ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು 1901ರಲ್ಲಿ. ವಿಷ್ಣು ನಾರಾಯಣ ಭಾತಖಂಡೆ ಉಸ್ತಾದರಿಂದ ಚೀಜುಗಳನ್ನು ಸಂಗ್ರಹಿಸಿ ಸ್ವರಲಿಪಿಯೊಂದಿಗೆ ಪ್ರಕಟಿಸಿದ್ದು ಅದಕ್ಕೂ ನಂತರ. ಈ ಇಬ್ಬರ ಸೇವೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಉಸ್ತಾದರು ವಿದ್ಯೆಯನ್ನು ಬಚ್ಚಿಟ್ಟವರು, ಬರಹಕ್ಕೆ ವಿರೋಧಿಗಳು’ ಎಂಬ ಮಾತು ಸಂಗೀತ ಚರಿತ್ರೆಯಲ್ಲಿ ಪದೇ ಪದೇ ಕೇಳಿಬರುತ್ತದೆ. ಮೌಲಾ ಬಕ್ಷ್ ಅವರ ಬದುಕು ಈ ಮಾತಿಗೆ ನೇರ ಉತ್ತರ. ಇತಿಹಾಸಕಾರ್ತಿ ಜಾನಕಿ ಬಖಲೆ 2005ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಈ ಉಸ್ತಾದರ ಕೆಲಸವನ್ನು ಮತ್ತೆ ಬೆಳಕಿಗೆ ತಂದಿದ್ದಾರೆ. ಗ್ಲೋವರ್ ಹೆಸರಿನಂತೆಯೇ ಈ ಹೆಸರೂ ಮರೆವಿಗೆ ಸಂದಿತ್ತು ಎಂಬುದು ಯೋಚಿಸಬೇಕಾದ ಸಂಗತಿ.

ಹಂಗೇರಿಯ ದಾರಿ, ಜರ್ಮನಿಯ ದಾರಿ

ಇಂಗ್ಲೆಂಡಿನಲ್ಲಿ ಹಾಡಿಗೆ ಬೆಲೆ ಕಟ್ಟಿದ 1882ರಲ್ಲೇ ಹಂಗೇರಿಯ ಕೆಚ್ಕೆಮೇಟ್ ಪಟ್ಟಣದಲ್ಲಿ ಝೋಲ್ಟಾನ್ ಕೊಡಾಯ್ ಹುಟ್ಟಿದರು. ಗೆಳೆಯ ಬೇಲಾ ಬಾರ್ಟೋಕ್ ಜತೆ ಹಳ್ಳಿ ಹಳ್ಳಿ ಅಲೆದು ಜನಪದ ಹಾಡುಗಳನ್ನು ಸಂಗ್ರಹಿಸಿದವರು ಇವರು. 1920ರ ದಶಕದಲ್ಲಿ ಶಾಲಾ ಮಕ್ಕಳ ಹಾಡು ಕೇಳಿದಾಗ ಇವರಿಗೆ ನೋವಾಯಿತು. ಮಕ್ಕಳಿಗೆ ತಮ್ಮ ನೆಲದ ಹಾಡು ಗೊತ್ತಿಲ್ಲ, ಶಾಲೆ ಕಲಿಸುವ ಹಾಡಿನಲ್ಲಿ ಸತ್ವವಿಲ್ಲ. ದೊಡ್ಡ ಸಂಗೀತಗಾರನಾದ ತಾನು ಮಕ್ಕಳ ಹಾಡು ಬರೆಯುವುದು ಕೀಳಲ್ಲ ಎಂದು ತೀರ್ಮಾನಿಸಿದ ಕೊಡಾಯ್ ಆಮೇಲೆ ಬದುಕಿನುದ್ದಕ್ಕೂ ಆ ಕೆಲಸ ಮಾಡಿದರು.

ಕೊಡಾಯ್ ನಿಲುವು ಸ್ಪಷ್ಟ. ಮಗುವಿನ ಮೊದಲ ವಾದ್ಯ ಅದರ ಕಂಠ, ಅದಕ್ಕೆ ದುಡ್ಡು ಬೇಡ. ಮೊದಲ ಹಾಡು ತಾಯ್ನುಡಿಯದ್ದು. ಮೊದಲು ಕಿವಿಗೆ ಬೀಳಲಿ, ಬಾಯಿಗೆ ಬರಲಿ, ಅನಂತರವೇ ಕಣ್ಣಿಗೆ ಲಿಪಿ ಕಾಣಲಿ. ಆದರೆ ಲಿಪಿ ಬಂದೇ ಬರಬೇಕು. ಕರ್ವೆನರ ಚಲಿಸುವ ‘ಡೋ’ ಮತ್ತು ಕೈಸನ್ನೆಗಳನ್ನು ಅವರು ಇಂಗ್ಲೆಂಡಿನಿಂದ ಪಡೆದರು. ತಾಳಕ್ಕೆ ‘ತಾ’, ‘ತಿ-ತಿ’ ಎಂಬ ಪದಗಳು ಬಂದವು. ಎರಡು ‘ತಿ’ ಸೇರಿದರೆ ಒಂದು ‘ತಾ’. ಛಂದಸ್ಸು ಓದಿದ ನಮ್ಮ ಹೈಸ್ಕೂಲು ಮಕ್ಕಳಿಗೆ ಇದು ಲಘು-ಗುರುವಿನ ಲೆಕ್ಕವೇ ಹೊರತು ಬೇರೆಯಲ್ಲ. ಅವರ ಶಿಷ್ಯ ಯೆನೋ ಆಡಾಮ್ 1944ರಲ್ಲಿ ಇದಕ್ಕೆ ಕ್ರಮಬದ್ಧ ಪಾಠಪುಸ್ತಕ ಬರೆದರು. 1950ರಲ್ಲಿ ಕೆಚ್ಕೆಮೇಟ್‌ನಲ್ಲಿ ಮಾರ್ಟಾ ನೆಮೆಸ್ಸೆಗಿ ಎಂಬ ಅಧ್ಯಾಪಕಿಯ ನೇತೃತ್ವದಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ಆರಂಭವಾಯಿತು. ಮುಂದೆ ಹಂಗೇರಿಯಲ್ಲಿ ಅಂತಹ ನೂರಕ್ಕೂ ಹೆಚ್ಚು ಶಾಲೆಗಳಾದವು. ಎಲ್ಲ ಶಾಲೆಗೂ ಒಂದೇ ಪಠ್ಯ ಕೊಡಬಲ್ಲ ಕಮ್ಯುನಿಸ್ಟ್ ಸರಕಾರ ಇದ್ದದ್ದೂ ಈ ಹರಡುವಿಕೆಗೆ ಒಂದು ಕಾರಣ.

ಜರ್ಮನಿಯ ಕಾರ್ಲ್ ಓರ್ಫ್ ಹಿಡಿದದ್ದು ಬೇರೆಯೇ ದಾರಿ. 1924ರಲ್ಲಿ ಡೊರೊಥೀ ಗ್ಯುಂಟರ್ ಜತೆ ಮ್ಯೂನಿಕ್‌ನಲ್ಲಿ ಅವರು ಕಟ್ಟಿದ ಶಾಲೆಯಲ್ಲಿ ಕುಣಿತ ಮತ್ತು ಸಂಗೀತ ಬೇರೆ ಬೇರೆಯಾಗಿರಲಿಲ್ಲ. ಮಗು ಮೊದಲು ಮಾತಾಡಲಿ, ಚಪ್ಪಾಳೆ ತಟ್ಟಲಿ, ಕಾಲು ಕುಟ್ಟಲಿ, ಅದರಿಂದಲೇ ತಾಳ ಹುಟ್ಟಲಿ ಎಂಬುದು ಓರ್ಫ್ ವಿಚಾರ. ಅವರ ತರಗತಿಯಲ್ಲಿ ಮಕ್ಕಳು ತಮ್ಮ ಹೆಸರುಗಳನ್ನೇ ಲಯಬದ್ಧವಾಗಿ ಹೇಳುತ್ತಾ ಪಾಠ ಆರಂಭಿಸುತ್ತಾರೆ. ನಮ್ಮ ಮಕ್ಕಳಾದರೆ ‘ಮಾವು, ಹಲಸು, ದಾಳಿಂಬೆ’ ಎಂದು ಹೇಳುತ್ತಾ ಕೈತಟ್ಟಬಹುದು. ಆಮೇಲೆ ಮರದ ಪಟ್ಟಿಗಳ ವಾದ್ಯ ಬರುತ್ತದೆ. ಬೇಡವಾದ ಸ್ವರದ ಪಟ್ಟಿಗಳನ್ನು ತೆಗೆದಿಟ್ಟು ಐದೇ ಸ್ವರಗಳನ್ನು ಉಳಿಸುತ್ತಾರೆ. ಮೋಹನ ರಾಗದ ಐದು ಸ್ವರಗಳಂತೆ, ಯಾವುದನ್ನು ಬಾರಿಸಿದರೂ ಕಿವಿಗೆ ಕರ್ಕಶವಾಗದು. ಮಗು ತಪ್ಪುವ ಭಯವಿಲ್ಲದೆ ತನ್ನದೇ ರಾಗ ಕಟ್ಟುತ್ತದೆ. ಲಿಪಿಗೆ ಇಲ್ಲಿ ಅವಸರವಿಲ್ಲ.

ಈ ಪಾಠಗಳ ಬಹುಪಾಲನ್ನು ಮಕ್ಕಳ ಜತೆ ಕುಳಿತು ರೂಪಿಸಿದವರು ಓರ್ಫ್ ಶಿಷ್ಯೆ ಗುನಿಲ್ಡ್ ಕೇಟ್‌ಮನ್. 1948ರಲ್ಲಿ ಬವೇರಿಯಾ ರೇಡಿಯೋದಲ್ಲಿ ಮಕ್ಕಳೇ ನುಡಿಸಿದ ಕಾರ್ಯಕ್ರಮಗಳು ಪ್ರಸಾರವಾಗಿ ಈ ಪದ್ಧತಿ ಮನೆಮಾತಾದಾಗಲೂ, 1950ರಿಂದ 1954ರವರೆಗೆ ಐದು ಸಂಪುಟಗಳು ಬಂದಾಗಲೂ ಆಕೆಯ ದುಡಿಮೆ ಅದರಲ್ಲಿತ್ತು. ಆದರೂ ಪದ್ಧತಿಯ ಹೆಸರು ಓರ್ಫ್ ಪದ್ಧತಿ. ಗ್ಲೋವರ್ ಕಥೆಯೇ ಇಲ್ಲಿಯೂ.

ಓರ್ಫ್ ಚರಿತ್ರೆಯ ಕರಾಳ ಪುಟವನ್ನೂ ಇಲ್ಲಿ ಹೇಳಬೇಕು. ನಾಝಿಗಳ ಕಾಲದಲ್ಲಿ ಅವರು ಜರ್ಮನಿಯಲ್ಲೇ ಉಳಿದು ಆಡಳಿತದೊಂದಿಗೆ ಹೊಂದಿಕೊಂಡರು. 1936ರ ಬರ್ಲಿನ್ ಒಲಿಂಪಿಕ್ ಉತ್ಸವದಲ್ಲಿ ಸಾವಿರಾರು ಮಕ್ಕಳ ಕುಣಿತಕ್ಕೆ ಇದೇ ಬಳಗದ ಸಂಗೀತವಿತ್ತು. ಯಹೂದಿ ಮೂಲದವರೆಂಬ ಕಾರಣಕ್ಕೆ ಮೆಂಡೆಲ್ಸನ್ ಸಂಗೀತ ನಿಷಿದ್ಧವಾದಾಗ, ಶೇಕ್ಸ್‌ಪಿಯರ್ ನಾಟಕವೊಂದಕ್ಕೆ ಬದಲಿ ಸಂಗೀತ ಬರೆದುಕೊಟ್ಟವರಲ್ಲಿ ಓರ್ಫ್ ಒಬ್ಬರು. ಮಗುವಿಗೆ ತರಗತಿಯಲ್ಲಿ ಸ್ವಾತಂತ್ರ್ಯ ಕೊಡುವ ಪದ್ಧತಿಯೂ ತರಗತಿಯ ಹೊರಗೆ ಸರ್ವಾಧಿಕಾರಿಯ ಮೆರವಣಿಗೆಗೆ ಬಳ್ಳಿ ಕಟ್ಟಬಹುದು ಎಂಬ ಎಚ್ಚರ ನಮಗಿರಬೇಕು. ಪದ್ಧತಿ ತನ್ನಷ್ಟಕ್ಕೆ ಯಾರನ್ನೂ ಕಾಪಾಡುವುದಿಲ್ಲ.

ನಾವು ಕಲಿಯಬೇಕಾದುದು

ಈ ನಾಲ್ಕೂ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಮಾತು ಸ್ಪಷ್ಟವಾಗುತ್ತವೆ.

ಮೊದಲನೆಯದು, ಕಿವಿ ಮತ್ತು ಕಣ್ಣಿನ ಜಗಳ ನಿಜವಾದ ಜಗಳವಲ್ಲ. ಹುಲ್ಲಾ ಸೋತದ್ದು ಓದು ಕಲಿಸಿದ್ದಕ್ಕಲ್ಲ, ಕಿವಿಗೆ ಅರ್ಥವಾಗದ ಹೆಸರುಗಳನ್ನು ಕಣ್ಣಿನ ಮೇಲೆ ಹೇರಿದ್ದಕ್ಕೆ. ಗ್ಲೋವರ್ ಮತ್ತು ಕೊಡಾಯ್ ಗೆದ್ದದ್ದು ಮಗುವಿನ ಕಿವಿಗೆ ಈಗಾಗಲೇ ಗೊತ್ತಿರುವುದಕ್ಕೆ ಹೆಸರು ಕೊಟ್ಟದ್ದರಿಂದ. ಅಕ್ಷರ ಕಲಿಕೆಗೂ ಗಣಿತಕ್ಕೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು, ಕಲಿಸುವ ಶೈಲಿಯನ್ನು ಆರಿಸುವುದು ಬರೇ ಅಧ್ಯಾಪಕನ ಅಭಿರುಚಿಯ ಪ್ರಶ್ನೆಯಲ್ಲ. ಬಾಯಿಪಾಠದ ಮಗು ಅಧ್ಯಾಪಕ ಇರುವವರೆಗೆ ಹಾಡುತ್ತದೆ. ಓದಬಲ್ಲ ಮಗು ಅಧ್ಯಾಪಕ ಹೋದ ಮೇಲೂ ಹೊಸ ಹಾಡು ಕಲಿಯುತ್ತದೆ. ತಾನೇ ಕಟ್ಟಬಲ್ಲ ಮಗುವಿಗೆ ತನ್ನ ಮಾತು ಇದೆಯೆಂಬ ಧೈರ್ಯ ಬರುತ್ತದೆ. ಸ್ಥಿತಿವಂತರ ಮಕ್ಕಳು ಕೊನೆಯ ಎರಡನ್ನು ಮನೆಯಲ್ಲಿ, ಟ್ಯೂಷನ್ನಿನಲ್ಲಿ ಹೇಗೋ ಪಡೆಯುತ್ತಾರೆ. ಬಡವರ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ.

ಮೂರನೆಯದು, ಅಳೆಯುವವರು ಏನನ್ನು ಅಳೆಯುತ್ತಾರೋ ಅದೇ ಶಾಲೆಯಲ್ಲಿ ಉಳಿಯುತ್ತದೆ. 1862ರಲ್ಲಿ ಹಾಡಿಗೆ ಹಣವಿಲ್ಲವೆಂದಾಗ ಹಾಡು ಹೋಯಿತು. 1882ರಲ್ಲಿ ಹಣ ಬಂದಾಗ ಹಾಡು ಬಂತು, ಆದರೆ ಪರೀಕ್ಷೆಯ ಉಡುಪು ತೊಟ್ಟು.

ನಮ್ಮ ರಾಜ್ಯದ ಮಾತಿಗೆ ಬರೋಣ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ ‘ನಲಿ-ಕಲಿ’ ಹಾಡು, ಆಟ, ಚಟುವಟಿಕೆಗಳನ್ನು ತರಗತಿಯ ಒಳಗೆ ತಂದಿತು. ಮಕ್ಕಳ ಭಯ ಕಡಿಮೆಯಾದದ್ದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಹಾಡು ಅಕ್ಷರಕ್ಕೂ ಲೆಕ್ಕಕ್ಕೂ ಏಣಿ. ಹಾಡಿಗಾಗಿ ಹಾಡು ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗಳನ್ನು ಶಾಲಾ ಕಲಿಕೆಯ ಅವಿಭಾಜ್ಯ ಅಂಗವೆಂದು ಹೇಳಿತು. ಅದು ಎಷ್ಟರ ಮಟ್ಟಿಗೆ ನಿಜವಾಗಿದೆ ಎಂಬುದನ್ನು ಓದುಗರು ತಮ್ಮ ಊರಿನ ಶಾಲೆಯ ವೇಳಾಪಟ್ಟಿಯನ್ನು ಒಮ್ಮೆ ನೋಡಿ ತಾವೇ ತೀರ್ಮಾನಿಸಬಹುದು. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಮೊದಲು ಧ್ವನಿಮುದ್ರಿಕೆ ಹಾಕಿ, ಕಂಠ ಚೆನ್ನಾಗಿರುವ ನಾಲ್ಕು ಮಕ್ಕಳನ್ನು ಆರಿಸಿ ತಾಲೀಮು ಮಾಡಿಸುವುದನ್ನೇ ಸಂಗೀತ ಶಿಕ್ಷಣವೆಂದು ನಾವು ಒಪ್ಪಿಕೊಂಡಿದ್ದರೆ, ಉಳಿದ ಮೂವತ್ತಾರು ಮಕ್ಕಳ ಗತಿಯೇನು ಎಂದು ಕೇಳಿಕೊಳ್ಳಬೇಕು. ನಾರ್ವಿಚ್‌ನ ಆ ಮಹಿಳೆ ಸುಮಾರು ಇನ್ನೂರು ವರ್ಷಗಳ ಹಿಂದೆ ಏಣಿಯನ್ನು ಗೋಡೆಗೆ ತೂಗುಹಾಕಿದ್ದು ಆ ಮೂವತ್ತಾರು ಮಕ್ಕಳಿಗಾಗಿ. ಅದಕ್ಕೆ ಬೇಕಾದದ್ದು ಒಂದು ಹಲಗೆ, ಒಂದು ಕೋಲು, ಈ ಮಕ್ಕಳಿಂದಲೂ ಆಗುತ್ತದೆ ಎಂಬ ನಂಬಿಕೆ ಮಾತ್ರ. ಹಲಗೆ ಮತ್ತು ಕೋಲು ನಮ್ಮ ಎಲ್ಲ ಶಾಲೆಗಳಲ್ಲೂ ಇವೆ.